ಮಂಪ್ಸಿಮಸ್: ತಿದ್ದಿದ ಮೇಲೆ ಶುರುವಾಗುವ ತಪ್ಪು

(ಭಾಷಾ ವಿಭಾಗದ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ,

ಕ್ಯಾಥೊಲಿಕ್ ಚರ್ಚಿನಲ್ಲಿ ಬಲಿಪೂಜೆ ನಡೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಪರಮಪ್ರಸಾದ ಹಂಚಿ ಮುಗಿದ ಮೇಲೆ ಪಾತ್ರೆಗಳನ್ನು ತೊಳೆದು ಒರೆಸುವಾಗ ಗುರುಗಳು ತಮ್ಮಷ್ಟಕ್ಕೆ ಒಂದು ಸಣ್ಣ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಅದರ ತಾತ್ಪರ್ಯ ಇಷ್ಟು: ಬಾಯಿಂದ ಸ್ವೀಕರಿಸಿದ್ದನ್ನು, ಪ್ರಭುವೇ, ಶುದ್ಧ ಮನಸ್ಸಿನಿಂದ ಪಡೆಯುವಂತಾಗಲಿ, ಈ ಗಳಿಗೆಯ ಕೊಡುಗೆ ನಮಗೆ ಎಂದೆಂದಿನ ಮದ್ದಾಗಲಿ. ಇಂದು ಮಂಗಳೂರಿನಲ್ಲಿ ಕೊಂಕಣಿಯಲ್ಲೋ ಬೆಂಗಳೂರಿನಲ್ಲಿ ಕನ್ನಡದಲ್ಲೋ ಹೇಳುವ ಈ ಮಾತನ್ನು ಶತಮಾನಗಳ ಕಾಲ ಲ್ಯಾಟಿನ್‌ನಲ್ಲೇ ಹೇಳುತ್ತಿದ್ದರು. 'ಕ್ವೋದ್ ಓರೆ ಸುಂಪ್ಸಿಮುಸ್, ದೋಮಿನೆ' ಎಂದು ಅದು ಶುರುವಾಗುತ್ತದೆ. 'ಸುಂಪ್ಸಿಮುಸ್' ಅಂದರೆ 'ನಾವು ತೆಗೆದುಕೊಂಡೆವು, ಸ್ವೀಕರಿಸಿದೆವು'.

ಐನೂರು ವರ್ಷಗಳ ಹಿಂದೆ ಒಬ್ಬ ಪಾದ್ರಿಯ ಕಥೆ ಯುರೋಪಿನ ವಿದ್ವಾಂಸರ ನಡುವೆ ಓಡಾಡತೊಡಗಿತು. ಅವನು ಈ ಪ್ರಾರ್ಥನೆಯಲ್ಲಿ 'ಸುಂಪ್ಸಿಮುಸ್' ಎನ್ನುವ ಕಡೆ 'ಮುಂಪ್ಸಿಮುಸ್' ಎನ್ನುತ್ತಿದ್ದನಂತೆ. ಲ್ಯಾಟಿನ್‌ನಲ್ಲಿ ಅಂಥ ಪದವೇ ಇಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಕಡೆಗೆ ಯಾರೋ ತಿಳಿದವರು ಕೇಳಿಸಿಕೊಂಡು ತಿದ್ದಿದರು. ಆಗ ಅವನು ಕೊಟ್ಟ ಉತ್ತರದಿಂದಲೇ ಇಂಗ್ಲಿಷಿಗೆ ಒಂದು ಪದ ದಕ್ಕಿತು. ನಿಮ್ಮ ಹೊಸ ಸುಂಪ್ಸಿಮುಸ್‌ಗಾಗಿ ನನ್ನ ಹಳೆಯ ಮುಂಪ್ಸಿಮುಸ್ ಅನ್ನು ನಾನು ಬಿಡಲಾರೆ ಎಂದನಂತೆ ಆ ಪುಣ್ಯಾತ್ಮ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಅವರ ಮುಂದೆ ಮೊಲವನ್ನು ತಂದು ನಿಲ್ಲಿಸಿದರೂ ವಾದ ಮುಗಿಯುವುದಿಲ್ಲ. ಈ ಪಾದ್ರಿಯೂ ಅದೇ ಸಾಲಿನವನು. ಇಂಗ್ಲಿಷಿನವರು ಅವನ ತಪ್ಪು ಪದವನ್ನೇ ಎತ್ತಿಕೊಂಡು 'ಮಂಪ್ಸಿಮಸ್' ಎಂದು ತಮ್ಮ ನಿಘಂಟಿಗೆ ಸೇರಿಸಿಕೊಂಡರು. ತಪ್ಪು ಎಂದು ತೋರಿಸಿಕೊಟ್ಟ ಮೇಲೂ ಅದನ್ನೇ ಹಿಡಿದು ಕೂರುವವನು ಮಂಪ್ಸಿಮಸ್. ಹಾಗೆ ಹಿಡಿದುಕೊಂಡ ರೂಢಿ ಅಥವಾ ನಂಬಿಕೆಯೂ ಮಂಪ್ಸಿಮಸ್. ಬರವಣಿಗೆಯಲ್ಲೋ ಮಾತಿನಲ್ಲೋ ಹಾಗೆ ಉಳಿದುಬಂದ ತಪ್ಪು ರೂಪವೂ ಮಂಪ್ಸಿಮಸ್ಸೇ. ಇಂದು ಪದದ ಅರ್ಥಕ್ಕಿಂತ ಅದರ ಹಿಂದಿನ ಜಗಳದ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೇನೆ. ಈ ಕಥೆಯನ್ನು ಎಲ್ಲ ಕಡೆ ಒಬ್ಬ ದಡ್ಡ ಪಾದ್ರಿಯ ಕಥೆ ಎಂದೇ ಹೇಳಿ ಮುಗಿಸುತ್ತಾರೆ. ಅದು ಅಷ್ಟಕ್ಕೇ ಮುಗಿಯುವಂಥದ್ದಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಈ ಕಥೆಯನ್ನು ಬರೆದಿಟ್ಟವನು ಎರಾಸ್ಮಸ್. ರಾಟರ್‌ಡ್ಯಾಮಿನವನು, ಆ ಕಾಲದ ಯುರೋಪಿನಲ್ಲಿ ಅವನಷ್ಟು ಹೆಸರಾದ ವಿದ್ವಾಂಸ ಇನ್ನೊಬ್ಬನಿರಲಿಲ್ಲ. 1516ರ ಆಗಸ್ಟಿನಲ್ಲಿ ಕೇಂಬ್ರಿಜ್‌ನ ಹೆನ್ರಿ ಬುಲಕ್ ಎಂಬ ಗೆಳೆಯನಿಗೆ ಬರೆದ ಉದ್ದನೆಯ ಕಾಗದದಲ್ಲಿ ಅದು ಬರುತ್ತದೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಮಾರ್ಚಿನಲ್ಲಿ, ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯದಿಂದ ಎರಾಸ್ಮಸ್ ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯವನ್ನು ಹೊರತಂದಿದ್ದ. ಗ್ರೀಕ್ ಪಕ್ಕದಲ್ಲೇ ತನ್ನ ಲ್ಯಾಟಿನ್ ಅನುವಾದ, ಹಿಂದೆ ರಾಶಿ ಟಿಪ್ಪಣಿಗಳು. ಸಾವಿರದ ನೂರು ವರ್ಷಗಳಿಂದ ಪಶ್ಚಿಮದ ಚರ್ಚು ಓದಿಕೊಂಡು ಬಂದಿದ್ದ ಲ್ಯಾಟಿನ್ ಬೈಬಲ್ಲಿನಲ್ಲಿ, ಅಂದರೆ ವಲ್ಗೇಟ್‌ನಲ್ಲಿ, ಎಲ್ಲೆಲ್ಲಿ ಅನುವಾದ ಜಾರಿದೆ, ಎಲ್ಲೆಲ್ಲಿ ನಕಲುಗಾರರು ಕೆಡಿಸಿದ್ದಾರೆ ಎಂದು ಆ ಟಿಪ್ಪಣಿಗಳು ಒಂದೊಂದಾಗಿ ತೋರಿಸುತ್ತಿದ್ದವು.

ಇದರಿಂದ ಎಷ್ಟು ದೊಡ್ಡ ಕಂಪನವಾಯಿತು ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಜನರಿಗೆ ಹೇಳುವ ಮಾತೊಂದನ್ನು ವಲ್ಗೇಟ್ 'ಪೆನಿತೆನ್ಸಿಯಾಮ್ ಆಗಿತೆ' ಎಂದು ಅನುವಾದಿಸಿತ್ತು. ಅದನ್ನು ಓದಿದವರಿಗೆ 'ಪ್ರಾಯಶ್ಚಿತ್ತ ಮಾಡಿ' ಎಂದು ಕೇಳಿಸುತ್ತಿತ್ತು. ಪ್ರಾಯಶ್ಚಿತ್ತ ಅಂದಮೇಲೆ ಪಾದ್ರಿಯ ಮುಂದೆ ಪಾಪನಿವೇದನೆ, ಅವನು ವಿಧಿಸುವ ದಂಡನೆ, ಆ ಇಡೀ ವ್ಯವಸ್ಥೆ ಹಿಂಬಾಲಿಸಿ ಬರುತ್ತದೆ. ಗ್ರೀಕಿನಲ್ಲಿರುವುದು 'ಮೆತಾನೋಯೆತೆ', ಎರಾಸ್ಮಸ್ ಅದನ್ನು ಮನಸ್ಸು ತಿರುಗಿಸಿಕೊಳ್ಳಿ, ಬುದ್ಧಿ ತಂದುಕೊಳ್ಳಿ ಎಂದು ಬಿಡಿಸಿ ಹೇಳಿದ. 1517ರಲ್ಲಿ ಚರ್ಚಿನ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಹೊರಡಿಸಿದ 95 ವಾದಗಳಲ್ಲಿ ಮೊದಲನೆಯದೇ ಈ ಮಾತಿನ ಅರ್ಥದ ಮೇಲೆ ನಿಂತಿದೆ. ಒಂದು ಕ್ರಿಯಾಪದದ ಮೇಲೆ ಎಷ್ಟು ಭಾರ ಕೂತಿತ್ತು ನೋಡಿ.

ಹಾಗಾಗಿ ಪುಸ್ತಕ ಅಚ್ಚಾದ ಕೂಡಲೇ ವಿರೋಧವೂ ಎದ್ದಿತು. ಕೇಂಬ್ರಿಜ್‌ನ ಒಂದು ಕಾಲೇಜು ಈ ಪುಸ್ತಕವನ್ನು ಕುದುರೆಯ ಮೇಲಾಗಲಿ, ಹಡಗಿನಲ್ಲಾಗಲಿ, ಗಾಡಿಯಲ್ಲಾಗಲಿ, ಕೂಲಿಯವರ ಹೆಗಲ ಮೇಲಾಗಲಿ ಒಳಗೆ ತರಕೂಡದು ಎಂದು ನಿರ್ಣಯ ಮಾಡಿದೆಯೆಂಬ ಸುದ್ದಿ ಎರಾಸ್ಮಸ್‌ನ ಕಿವಿಗೆ ಬಿತ್ತು. ಬುಲಕ್‌ಗೆ ಬರೆದ ಕಾಗದ ಅದಕ್ಕೆ ಕೊಟ್ಟ ಉತ್ತರ. ಪುಸ್ತಕವನ್ನು ಓದದೆಯೇ ಬೈಯುತ್ತಿದ್ದಾರಲ್ಲ ಎಂಬ ನೋವು ಆ ಕಾಗದದ ಉದ್ದಕ್ಕೂ ಇದೆ. ಅವನೇ ಕೆಲವು ವರ್ಷ ಕೇಂಬ್ರಿಜ್‌ನಲ್ಲಿ ಗ್ರೀಕ್ ಕಲಿಸಿದ್ದವನು. ಬುಲಕ್ ಅಲ್ಲಿ ಅವನ ಶಿಷ್ಯ. ತಾನು ಪಾಠ ಹೇಳಿದ ಊರೇ ತನ್ನ ಪುಸ್ತಕಕ್ಕೆ ಬಾಗಿಲು ಹಾಕಿತು ಎಂಬ ಸಂಕಟದ ನಡುವೆ ಈ ಮುಂಪ್ಸಿಮುಸ್ ಪಾದ್ರಿ ಕಾಣಿಸಿಕೊಳ್ಳುತ್ತಾನೆ. ಮರುವರ್ಷ, 1517ರಲ್ಲಿ, ಇಂಗ್ಲೆಂಡಿನ ರಾಜತಂತ್ರಜ್ಞ ರಿಚರ್ಡ್ ಪೇಸ್ ತನ್ನ ಲ್ಯಾಟಿನ್ ಪುಸ್ತಕವೊಂದರಲ್ಲಿ ಇದೇ ಕಥೆ ಹೇಳಿದ. ಅವನ ಕಥೆಯಲ್ಲಿ ಪಾದ್ರಿ ಇಂಗ್ಲಿಷಿನವನೇ ಆಗಿಬಿಟ್ಟ. ತಪ್ಪು ಹೇಳಿದ ಅವಧಿ 30 ವರ್ಷ ಎಂದೂ ನಮೂದಾಯಿತು.

ಪಾದ್ರಿಯ ಪರವಾಗಿಯೂ ಸ್ವಲ್ಪ ಮಾತಾಡಬೇಕು. ಹಳ್ಳಿಯ ಚರ್ಚಿನ ಪಾದ್ರಿಗಳಲ್ಲಿ ಎಷ್ಟೋ ಮಂದಿಗೆ ಲ್ಯಾಟಿನ್ ಓದಲು ಬರುತ್ತಿದ್ದುದೇ ಅಷ್ಟಕ್ಕಷ್ಟೆ. ಹಿರಿಯ ಪಾದ್ರಿ ಹೇಳಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡವರು ಅವರು. ಪುಸ್ತಕ ಕೈಗೆ ಸಿಕ್ಕರೂ ಅದು ಕೈಬರಹದ ಪ್ರತಿ. ಜಾಗ ಉಳಿಸಲು ಪದಗಳನ್ನು ಮೊಟಕು ಮಾಡಿ, ಮೇಲೊಂದು ಗೆರೆ ಎಳೆದು ಬರೆದದ್ದು. ನಮ್ಮ ತಾಳೆಗರಿಗಳ ಕೊನೆಯಲ್ಲಿ ಲಿಪಿಕಾರರು 'ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ' ಎಂದು ಬರೆದು, ತಪ್ಪಿದ್ದರೆ ದೋಷ ನನ್ನದಲ್ಲ ಎಂದು ಕೈಮುಗಿಯುತ್ತಾರಲ್ಲ, ಆ ಕಷ್ಟ ಅಲ್ಲಿಯೂ ಇತ್ತು. ಅಂಥ ಪ್ರತಿಯಿಂದಲೋ ಅಂಥ ಗುರುವಿನಿಂದಲೋ ಒಂದು ಅಕ್ಷರ ಅದಲುಬದಲಾಗಿ ಬಂದರೆ ಅದರಲ್ಲಿ ಪಾದ್ರಿಯ ತಪ್ಪೇನೂ ಇಲ್ಲ. ತಿದ್ದುವವನು ಬರುವ ತನಕ ಅವನು ಹೇಳುತ್ತಿದ್ದುದು ಬರೀ ತಪ್ಪು. ತಿದ್ದುವವನು ಬಂದು ಹೋದ ಮರುದಿನ ಅದೇ ಮಾತು ಮಂಪ್ಸಿಮಸ್ ಆಯಿತು. ಬಾಯಿಂದ ಬಂದ ಶಬ್ದ ಅದೇ, ಹೇಳಿದ ಮನುಷ್ಯನೂ ಅವನೇ. ನಡುವೆ ಬದಲಾದದ್ದು ಒಂದೇ: ಈಗ ಅವನಿಗೆ ಗೊತ್ತು. ನಾನಿಂದು ಹೇಳಬೇಕೆಂದು ಬಂದಿರುವ ಮುಖ್ಯ ಮಾತು ಇದೇ, ಇದನ್ನು ಹಿಡಿದೇ ಮುಂದಿನದನ್ನು ನೋಡೋಣ.

ಲ್ಯಾಟಿನ್ ಕಾಗದದಲ್ಲಿದ್ದ ಪದ ಇಂಗ್ಲಿಷಿಗೆ ಇಳಿದು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೈಬಲ್ಲನ್ನು ಮೂಲದಿಂದ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ 1530ರಲ್ಲಿ ಅದನ್ನು ಬಳಸಿದ. ಎಂಟನೆಯ ಹೆನ್ರಿಯ ವಿವಾಹ ವಿಚ್ಛೇದನದ ಚರ್ಚೆಗೆ ಕರೆಸಿಕೊಂಡ ಧರ್ಮಶಾಸ್ತ್ರದ ಪಂಡಿತರನ್ನು ಅವನು ಮಂಪ್ಸಿಮಸ್‌ಗಳೆಂದು ಕರೆದ. ಎರಾಸ್ಮಸ್‌ನ ಗ್ರೀಕ್ ಪಠ್ಯವೇ ಟಿಂಡೇಲ್‌ನ ಅನುವಾದಕ್ಕೆ ಆಧಾರವಾಗಿತ್ತು. ಆ ಅನುವಾದದ ಪ್ರತಿಗಳನ್ನು ಲಂಡನ್ನಿನಲ್ಲಿ ಸುಟ್ಟಿದ್ದರು. ಅವನನ್ನೂ 1536ರಲ್ಲಿ ಬ್ರಸೆಲ್ಸ್ ಬಳಿಯ ವಿಲ್‌ವೋರ್ಡೆಯಲ್ಲಿ ಕತ್ತು ಹಿಸುಕಿ ಕೊಂದು ಸುಟ್ಟರು. ಹಾಗಾಗಿ ಟಿಂಡೇಲ್‌ನ ಬಾಯಲ್ಲಿ ಈ ಪದ ಗೇಲಿಯ ಮಾತಾಗಿ ಉಳಿದಿರಲಿಲ್ಲ.

ಪದಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು ಸ್ವತಃ ರಾಜನಿಂದ. 1545ರ ಡಿಸೆಂಬರ್ 24ರಂದು ಎಂಟನೆಯ ಹೆನ್ರಿ ಪಾರ್ಲಿಮೆಂಟಿನಲ್ಲಿ ಮಾತಾಡಿದ. ಅಲ್ಲಿ ಅವನ ಕೊನೆಯ ಭಾಷಣ ಅದು. ಧರ್ಮಗುರುಗಳು ಒಬ್ಬರ ವಿರುದ್ಧ ಒಬ್ಬರು ಬೋಧನೆ ಮಾಡುತ್ತಿದ್ದೀರಿ, ನಿಮ್ಮ ನಡುವೆ ಪ್ರೀತಿಯೆಂಬುದೇ ಇಲ್ಲ ಎಂದು ಗದರಿದ. ಕೆಲವರು ಹಳೆಯ ಮಂಪ್ಸಿಮಸ್‌ನಲ್ಲಿ ಸೆಟೆದು ನಿಂತಿದ್ದಾರೆ, ಇನ್ನು ಕೆಲವರು ಹೊಸ ಸಂಪ್ಸಿಮಸ್‌ನ ಗೀಳಿಗೆ ಬಿದ್ದಿದ್ದಾರೆ ಎಂಬ ಅವನ ಮಾತು ಇಂದಿಗೂ ಉಲ್ಲೇಖವಾಗುತ್ತದೆ. ದೇವರ ವಾಕ್ಯವನ್ನು ಹೆಂಡದಂಗಡಿಗಳಲ್ಲಿ ಪದ್ಯ ಕಟ್ಟಿ ಹಾಡುತ್ತಿದ್ದಾರೆ, ಜಗಳಕ್ಕೆ ಬಳಸುತ್ತಿದ್ದಾರೆ ಎಂದೂ ದೂರಿದ. ಸುಂಪ್ಸಿಮುಸ್ ಕೂಡ ಇಂಗ್ಲಿಷ್ ನಾಮಪದವಾಗಿ ನೆಲೆಯೂರಲು ಈ ಭಾಷಣವೇ ದೊಡ್ಡ ಕಾರಣವಾಯಿತೆಂದು ನನ್ನ ಎಣಿಕೆ. ರೂಢಿಯ ತಪ್ಪನ್ನು ಬದಿಗೊತ್ತಿ ಬರುವ ಸರಿಯಾದ ರೂಪ ಎಂಬುದು ಅದರ ಅರ್ಥ.

ಎರಡು ಕಡೆಯವರಿಗೂ ಸಮನಾಗಿ ಬುದ್ಧಿ ಹೇಳುವ ರಾಜನ ಈ ಮಾತು ಕೇಳಲು ಚೆನ್ನಾಗಿದೆ. ಆದರೆ ಆ ಮಾತು ಹೊರಟ ಬಾಯಿ ಯಾರದು ಎಂಬುದನ್ನು ಮರೆಯಬಾರದು. 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್ ಮೈದಾನದಲ್ಲಿ ಒಂದೇ ದಿನ ಆರು ಜನರನ್ನು ಕೊಲ್ಲಲಾಯಿತು. ರಾಬರ್ಟ್ ಬಾರ್ನ್ಸ್, ಥಾಮಸ್ ಗ್ಯಾರೆಟ್, ವಿಲಿಯಂ ಜೆರೋಮ್ ಎಂಬ ಮೂವರು ಸುಧಾರಣಾವಾದಿಗಳನ್ನು ಧರ್ಮದ್ರೋಹದ ಆರೋಪದ ಮೇಲೆ ಸುಟ್ಟರು. ಥಾಮಸ್ ಏಬಲ್, ರಿಚರ್ಡ್ ಫೆದರ್‌ಸ್ಟನ್, ಎಡ್ವರ್ಡ್ ಪವೆಲ್ ಎಂಬ ಮೂವರು ಕ್ಯಾಥೊಲಿಕರನ್ನು ಚರ್ಚಿಗೆ ರಾಜನೇ ಮುಖ್ಯಸ್ಥ ಎಂದು ಒಪ್ಪದ ರಾಜದ್ರೋಹಕ್ಕಾಗಿ ನೇಣಿಗೆ ಹಾಕಿ ಸೀಳಿದರು. ಹಳೆಯದನ್ನು ಬಿಡದವರಿಗೂ ಹೊಸದನ್ನು ಹಿಡಿದವರಿಗೂ ಅಂದು ಒಂದೇ ಗತಿ. 1543ರಲ್ಲಿ ಬಂದ ಕಾನೂನು ಕುಶಲಕರ್ಮಿಗಳು, ಕೂಲಿಯವರು, ಸಾಮಾನ್ಯ ಮನೆಗಳ ಹೆಂಗಸರು ಇಂಗ್ಲಿಷ್ ಬೈಬಲ್ಲನ್ನು ಓದಕೂಡದೆಂದು ವಿಧಿಸಿತು. ಹಾಗಾಗಿ 1545ರ ಭಾಷಣವನ್ನು ಮಧ್ಯಮ ಮಾರ್ಗದ ವಿವೇಕವೆಂದು ಹೊಗಳುವವರ ಜೊತೆ ನನ್ನಿಂದ ದನಿಗೂಡಿಸಲಾಗದು. ತಪ್ಪು ಯಾವುದು, ಸರಿ ಯಾವುದು ಎಂಬ ಪ್ರಶ್ನೆಯನ್ನು ಅದು ಪಕ್ಕಕ್ಕಿಟ್ಟಿತು. ನಾನು ಎಳೆದ ಗೆರೆಯ ಮೇಲೆ ನಿಲ್ಲಿ ಎಂದಷ್ಟೇ ಹೇಳಿತು. ಪಠ್ಯ ತಿದ್ದುವವನ ದಾರಿ ಬೇರೆ. ಅವನಿಗೆ ಇಬ್ಬರ ನಡುವಿನ ಜಾಗ ಬೇಡ, ಮೂಲದಲ್ಲಿ ಏನಿತ್ತು ಎಂಬುದು ಬೇಕು.

ಈಗ ಕಾಲದಲ್ಲಿ ಇನ್ನೂ ಹಿಂದಕ್ಕೆ ಹೋಗೋಣ. ಎರಾಸ್ಮಸ್‌ನ ವಿರೋಧಿಗಳು ಕಾಪಾಡಲು ಹೊರಟ ವಲ್ಗೇಟ್ ಎಲ್ಲಿಂದ ಬಂತು? ನಾಲ್ಕನೆಯ ಶತಮಾನದ ಕೊನೆ, ಐದನೆಯದರ ಆರಂಭದಲ್ಲಿ ಜೆರೋಮ್ ಎಂಬ ಸನ್ಯಾಸಿ ಬೆತ್ಲೆಹೇಮಿನಲ್ಲಿ ಕೂತು ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದ ಲ್ಯಾಟಿನ್ನಿಗೆ ಹೊಸದಾಗಿ ಅನುವಾದಿಸಿದ. ಅಲ್ಲಿಯವರೆಗೆ ಜನ ಕೇಳುತ್ತಿದ್ದುದು ಗ್ರೀಕ್ ಅನುವಾದದಿಂದ ಮಾಡಿದ ಹಳೆಯ ಲ್ಯಾಟಿನ್ ಪಾಠ. ಜೆರೋಮ್‌ನ ಅನುವಾದ ಬಂದಾಗ ಏನಾಯಿತು ಎನ್ನುವುದನ್ನು ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನ್ 403ರಲ್ಲಿ ಅವನಿಗೇ ಬರೆದ ಕಾಗದದಲ್ಲಿ ವಿವರಿಸಿದ್ದಾನೆ. ಈ ಪ್ರಸಂಗ ನನಗೆ ಪಾದ್ರಿಯ ಕಥೆಗಿಂತಲೂ ಹೆಚ್ಚು ಇಷ್ಟ.

ಉತ್ತರ ಆಫ್ರಿಕದ ಓಯಾ ಎಂಬ ಊರು, ಇಂದಿನ ಲಿಬಿಯಾದ ಟ್ರಿಪೋಲಿ. ಅಲ್ಲಿಯ ಬಿಷಪ್ ಚರ್ಚಿನಲ್ಲಿ ಜೆರೋಮ್‌ನ ಹೊಸ ಪಾಠವನ್ನು ಓದಿಸಲು ಶುರುಮಾಡಿದ. ಒಂದು ದಿನ ಯೋನನ ಪುಸ್ತಕ ಬಂತು. ಬಿಸಿಲಲ್ಲಿ ಕೂತ ಯೋನನಿಗೆ ನೆರಳಾಗಲೆಂದು ದೇವರು ಒಂದು ಗಿಡವನ್ನು ಬೆಳೆಸುತ್ತಾನೆ, ಮರುದಿನ ಅದು ಹುಳ ಬಿದ್ದು ಒಣಗುತ್ತದೆ. ಆ ಗಿಡ ಯಾವುದು? ಹಳೆಯ ಪಾಠದಲ್ಲಿ ಅದು ಸೋರೆ ಬಳ್ಳಿ. ಜೆರೋಮ್ ಅದನ್ನು ಐವಿ ಬಳ್ಳಿ ಎಂದು ಮಾಡಿದ್ದ. ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ಸಭೆಯಲ್ಲಿ ಗದ್ದಲ ಎದ್ದಿತು. ತಲೆಮಾರುಗಳಿಂದ ಕೇಳಿ, ಹಾಡಿ, ಮನಸ್ಸಿನಲ್ಲಿ ಬೇರೂರಿದ್ದ ಪದ ಅದು. ಗ್ರೀಕ್ ಬಲ್ಲವರು ಇದು ಸುಳ್ಳು ಪಾಠ ಎಂದು ಕೂಗಾಡಿದರು. ಬಿಷಪ್ ಊರಿನ ಯಹೂದಿಗಳನ್ನು ಕೇಳಿದ. ಅವರೂ ಹಳೆಯ ಪಾಠವೇ ಸರಿ ಎಂದುಬಿಟ್ಟರು. ತನ್ನ ಸಭೆಯೇ ಖಾಲಿಯಾಗುವ ಹೊತ್ತು ಬಂದಾಗ ಅವನು ಬೇರೆ ದಾರಿಯಿಲ್ಲದೆ ಹಿಂದೆ ಸರಿದ.

ಜೆರೋಮ್ ಉತ್ತರ ಬರೆದ. ಹೀಬ್ರೂವಿನಲ್ಲಿರುವುದು 'ಕಿಕಾಯೋನ್'. ಅದು ದ್ರಾಕ್ಷಿಯ ಎಲೆಯಂಥ ಅಗಲ ಎಲೆಯ ಗಿಡ, ಆಸರೆಯಿಲ್ಲದೆ ತನ್ನ ಕಾಂಡದ ಮೇಲೇ ನಿಲ್ಲುತ್ತದೆ, ಬೇಗ ಬೆಳೆಯುತ್ತದೆ. ಆ ಹೆಸರನ್ನು ಹಾಗೇ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ, ಸೋರೆ ಎಂದರೆ ಮೂಲದಲ್ಲಿ ಇಲ್ಲದ್ದನ್ನು ಹೇಳಿದಂತಾಗುತ್ತದೆ; ಅದಕ್ಕೇ ಹಿಂದಿನ ಅನುವಾದಕರಂತೆ ಐವಿ ಎಂದೆ ಎಂದ. ಈ ವಿವರಣೆ ಕೇಳಿದ ಯಾವ ಕನ್ನಡಿಗನಾದರೂ ಗಿಡವನ್ನು ಗುರುತಿಸಿಯಾನು. ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವ ಹರಳು ಗಿಡ, ಔಡಲ ಎಂದೂ ಕರೆಯುತ್ತೇವಲ್ಲ, ಅದೇ. ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯವೂ ಅದೇ. ಹಾಗೆ ನೋಡಿದರೆ ಸೋರೆಯೂ ತಪ್ಪು, ಐವಿಯೂ ತಪ್ಪು. ಆದರೆ ಜೆರೋಮ್ ಗಿಡದ ಲಕ್ಷಣ ಬರೆದು, ತಾನು ಯಾಕೆ ಈ ಪದ ಆರಿಸಿದೆ ಎಂಬುದನ್ನು ತೆರೆದಿಟ್ಟ. ಅದರಿಂದಲೇ ಮುಂದಿನವರಿಗೆ ಅವನನ್ನು ತಿದ್ದಲು ಸಾಧ್ಯವಾಯಿತು.

ಓಯಾದಲ್ಲಿ ಗದ್ದಲವೆಬ್ಬಿಸಿದ ಈ ಹೊಸ ಪಾಠವೇ ಸಾವಿರ ವರ್ಷ ಕಳೆಯುವ ಹೊತ್ತಿಗೆ ಮುಟ್ಟಬಾರದ ಹಳೆಯ ಪಾಠವಾಗಿ ನಿಂತಿತ್ತು. ಎರಾಸ್ಮಸ್ ಅದನ್ನು ಮುಟ್ಟಿದಾಗ ಅವನ ಮೇಲೆ ಬಂದ ಆರೋಪವೂ ಓಯಾದವರದ್ದೇ: ನೀನು ಯಾರು, ಹಿರಿಯರಿಗಿಂತ ಬಲ್ಲವನೇ? 1519ರ ಎರಡನೆಯ ಆವೃತ್ತಿಯಲ್ಲಿ ಯೋಹಾನನ ಸುವಾರ್ತೆಯ ಮೊದಲ ಸಾಲಿನ 'ವೆರ್ಬುಮ್' (ಪದ) ತೆಗೆದು 'ಸೆರ್ಮೋ' (ಮಾತು, ನುಡಿ) ಎಂದು ಹಾಕಿದ್ದಕ್ಕೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಅಂಗಳದಲ್ಲಿ ಬಿಷಪ್ ಸ್ಟ್ಯಾಂಡಿಶ್ ಅವನ ವಿರುದ್ಧ ಪ್ರವಚನ ಮಾಡಿದ. ಎರಾಸ್ಮಸ್ ತೋರಿಸಿದ್ದೇನು? ವಲ್ಗೇಟ್‌ಗಿಂತ ಹಿಂದಿನ ತೆರ್ತುಲಿಯನ್, ಸಿಪ್ರಿಯನ್‌ರಂಥ ಚರ್ಚಿನ ಹಿರಿಯರ ಬರಹದಲ್ಲೇ 'ಸೆರ್ಮೋ' ಇದೆ ಎಂದು. ಹೊಸದೆಂದು ಬೈಸಿಕೊಂಡದ್ದು ಹಳೆಯದಕ್ಕಿಂತ ಹಳೆಯದಾಗಿತ್ತು.

ಇಷ್ಟು ಹೇಳಿ ಎರಾಸ್ಮಸ್‌ಗೆ ಹಾರ ಹಾಕಿ ಮುಗಿಸಬಹುದಿತ್ತು. ಆದರೆ ಅವನ ಪುಸ್ತಕದ ಕೊನೆಯ ಹಾಳೆಗಳನ್ನು ನೋಡಿದವರು ಹಾಗೆ ಮಾಡಲಾರರು. ಹೊಸ ಒಡಂಬಡಿಕೆಯ ಕೊನೆಯದು ಪ್ರಕಟನೆಯ ಪುಸ್ತಕ. ಅದಕ್ಕೆ ಎರಾಸ್ಮಸ್‌ಗೆ ಸಿಕ್ಕಿದ್ದು ಒಂದೇ ಗ್ರೀಕ್ ಹಸ್ತಪ್ರತಿ, ಜರ್ಮನ್ ವಿದ್ವಾಂಸ ರಾಯ್‌ಕ್ಲಿನ್‌ನಿಂದ ಎರವಲು ತಂದದ್ದು. ಅದರ ಕೊನೆಯ ಹಾಳೆ ಹರಿದುಹೋಗಿ ಆರು ವಚನಗಳು ಇಲ್ಲವಾಗಿದ್ದವು. ಮುದ್ರಕನಿಗೆ ಅವಸರ. ಎರಾಸ್ಮಸ್ ವಲ್ಗೇಟ್‌ನ ಲ್ಯಾಟಿನ್ ಪಾಠವನ್ನೇ ಎದುರಿಟ್ಟುಕೊಂಡು ಆ ವಚನಗಳನ್ನು ತಾನೇ ಗ್ರೀಕಿಗೆ ಅನುವಾದಿಸಿ ತುಂಬಿದ. ಯಾವ ಲ್ಯಾಟಿನ್ನನ್ನು ಗ್ರೀಕಿನಿಂದ ತಿದ್ದಲು ಹೊರಟಿದ್ದನೋ ಅದೇ ಲ್ಯಾಟಿನ್ನಿನಿಂದ ಗ್ರೀಕನ್ನು ಹುಟ್ಟಿಸಿದ. ಕೆಲವು ಪದಗಳನ್ನು ಲ್ಯಾಟಿನ್ನಿನಿಂದ ತುಂಬಿದ್ದೇನೆ ಎಂದು ಟಿಪ್ಪಣಿಯಲ್ಲಿ ಹೇಳಿಕೊಂಡ ಎನ್ನುವುದು ಅವನ ಪರವಾಗಿ ಹೇಳಬೇಕಾದ ಮಾತು.

ಆ ಆರು ವಚನಗಳಲ್ಲಿ ಒಂದರಲ್ಲಿ, ಈ ಪುಸ್ತಕದ ಮಾತನ್ನು ಕಳೆಯುವವನ ಪಾಲನ್ನು ದೇವರು 'ಜೀವವೃಕ್ಷ'ದಿಂದ ಕಳೆಯುವನು ಎಂದಿದೆ. ಗ್ರೀಕ್ ಹಸ್ತಪ್ರತಿಗಳಲ್ಲಿ ಇರುವುದು ಮರ. ಲ್ಯಾಟಿನ್ನಿನಲ್ಲಿ ಮರಕ್ಕೆ 'ಲಿಗ್ನೋ', ಪುಸ್ತಕಕ್ಕೆ 'ಲಿಬ್ರೋ'. ಎಲ್ಲೋ ಒಬ್ಬ ನಕಲುಗಾರನ ಕೈಯಲ್ಲಿ 'ಲಿಗ್ನೋ' ಹೋಗಿ 'ಲಿಬ್ರೋ' ಆಗಿತ್ತು. ಎರಾಸ್ಮಸ್ ಆ ಕೆಟ್ಟ ಪಾಠವನ್ನೇ ಗ್ರೀಕಿಗೆ ತಂದ. ಮರ ಹೋಗಿ ಪುಸ್ತಕ ಬಂತು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು 'ಜೀವದ ಪುಸ್ತಕ' ಎಂದು ಅಚ್ಚಾಯಿತು, ಇಂದಿಗೂ ಹಾಗೇ ಅಚ್ಚಾಗುತ್ತಿದೆ. 'ಸು' ಹೋಗಿ 'ಮು' ಆದದ್ದಕ್ಕೂ ಇದಕ್ಕೂ ಏನು ಅಂತರ? ಹಳ್ಳಿಯ ಪಾದ್ರಿಯ ತಪ್ಪು ಅವನ ಚರ್ಚಿನ ಗೋಡೆ ದಾಟಲಿಲ್ಲ. ಇದು ಇಂಗ್ಲಿಷ್ ಓದುವ ಲೋಕದ ಮೂಲೆಮೂಲೆಗೂ ಹೋಯಿತು.

ಇನ್ನೊಂದು ಪ್ರಸಂಗ ಯೋಹಾನನ ಮೊದಲನೆಯ ಪತ್ರದ ಐದನೆಯ ಅಧ್ಯಾಯದ್ದು. ಸ್ವರ್ಗದಲ್ಲಿ ಸಾಕ್ಷಿ ಹೇಳುವವರು ಮೂವರು, ತಂದೆ, ವಾಕ್ಯ ಮತ್ತು ಪವಿತ್ರಾತ್ಮ, ಈ ಮೂವರೂ ಒಂದೇ ಎಂಬ ಸಾಲು ವಲ್ಗೇಟ್‌ನಲ್ಲಿ ಇತ್ತು. ತ್ರಿತ್ವಕ್ಕೆ, ಅಂದರೆ ದೇವರು ಒಬ್ಬನೇ ಆದರೂ ಮೂವರು ಎಂಬ ಕ್ರೈಸ್ತ ನಂಬಿಕೆಗೆ, ಇಷ್ಟು ನೇರವಾದ ಆಧಾರ ಬೈಬಲ್ಲಿನಲ್ಲಿ ಬೇರೆಲ್ಲೂ ಇಲ್ಲ. ಎರಾಸ್ಮಸ್ ನೋಡಿದ ಗ್ರೀಕ್ ಪ್ರತಿಗಳಲ್ಲಿ ಆ ಸಾಲು ಇರಲಿಲ್ಲ. 1516ರಲ್ಲೂ 1519ರಲ್ಲೂ ಅವನು ಅದನ್ನು ಕೈಬಿಟ್ಟ. ಇಂಗ್ಲೆಂಡಿನ ಎಡ್ವರ್ಡ್ ಲೀ, ಸ್ಪೇನಿನ ಸ್ಟುನಿಕ ಅವನ ಮೇಲೆ ಮುಗಿಬಿದ್ದರು. ಆಮೇಲೆ ಆ ಸಾಲುಳ್ಳ ಒಂದು ಗ್ರೀಕ್ ಹಸ್ತಪ್ರತಿ ಕಾಣಿಸಿಕೊಂಡಿತು. ಅದು ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. 1522ರ ಮೂರನೆಯ ಆವೃತ್ತಿಯಲ್ಲಿ ಎರಾಸ್ಮಸ್ ಆ ಸಾಲನ್ನು ಸೇರಿಸಿದ, ಆ ಹಸ್ತಪ್ರತಿಯ ಬಗ್ಗೆ ತನಗಿದ್ದ ಅನುಮಾನವನ್ನು ಟಿಪ್ಪಣಿಯಲ್ಲಿ ಬರೆದೇ ಸೇರಿಸಿದ. ಅಪವಾದದಿಂದ ಪಾರಾಗಲು ಹಾಗೆ ಮಾಡಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ತಿಳಿದೂ ತಿಳಿದೂ ಅನುಮಾನದ ಸಾಲನ್ನು ಒಳಗೆ ಬಿಟ್ಟುಕೊಂಡ ಎರಾಸ್ಮಸ್ ನನಗೆ ಕಷ್ಟ ಕೊಡುತ್ತಾನೆ. ಹಟಕ್ಕೆ ಬಿದ್ದು ಅಲ್ಲ, ಭಯದಿಂದ. ಮಂಪ್ಸಿಮಸ್ ಹಟದಿಂದ ಮಾತ್ರ ಬದುಕುತ್ತದೆ ಎಂದುಕೊಂಡರೆ ಅದರ ಅರ್ಧ ಆಯಸ್ಸು ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ.

ಆ ಸಾಲಿನ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. 1546ರಲ್ಲಿ ಟ್ರೆಂಟ್ ಮಹಾಸಭೆ ವಲ್ಗೇಟ್ ಅನ್ನು ಅಧಿಕೃತ ಪಾಠವೆಂದು ಸಾರಿತು. 1590ರಲ್ಲಿ ಐದನೆಯ ಸಿಕ್ಸ್ಟಸ್ ಪೋಪ್ ಅದರ ಆವೃತ್ತಿಯನ್ನು ಹೊರಡಿಸಿದ. ಅವನು ಸತ್ತ ಮೇಲೆ ಅದನ್ನು ಹಿಂದಕ್ಕೆ ಪಡೆದು 1592ರಲ್ಲಿ ಬೇರೆ ಆವೃತ್ತಿ ತರಬೇಕಾಯಿತು. ಮೂರು ಸಾಕ್ಷಿಗಳ ಸಾಲು ಅದರಲ್ಲೂ ಉಳಿಯಿತು. 1897ರಲ್ಲಿ ಕೂಡ ರೋಮ್ ಅದರ ಪ್ರಾಮಾಣ್ಯವನ್ನು ಅಲ್ಲಗಳೆಯುವುದು ಕ್ಷೇಮವಲ್ಲ ಎಂದಿತು. 1927ರಲ್ಲಿ ಆ ಬಿಗಿ ಸಡಿಲವಾಯಿತು. 1979ರಲ್ಲಿ ಚರ್ಚೇ ಹೊರತಂದ ಹೊಸ ವಲ್ಗೇಟ್‌ನಲ್ಲಿ ಆ ಸಾಲು ಇಲ್ಲ. ಎರಾಸ್ಮಸ್ 1516ರಲ್ಲಿ ಅಚ್ಚುಹಾಕಿಸಿದ ರೂಪಕ್ಕೆ ರೋಮ್ ಬಂದು ತಲುಪಿದ್ದು ಹಾಗೆ, 463 ವರ್ಷಗಳ ಮೇಲೆ.

ಇದೇ ಪ್ರಸಂಗದಲ್ಲಿ ವಿದ್ವಾಂಸರ ಕಡೆಯ ಒಂದು ಮಂಪ್ಸಿಮಸ್ಸೂ ಇದೆ. 'ಆ ಸಾಲುಳ್ಳ ಒಂದೇ ಒಂದು ಗ್ರೀಕ್ ಪ್ರತಿ ತೋರಿಸಿ, ಸೇರಿಸುತ್ತೇನೆ' ಎಂದು ಎರಾಸ್ಮಸ್ ಮಾತು ಕೊಟ್ಟಿದ್ದ, ಆ ಮಾತಿಗೆ ಕಟ್ಟುಬಿದ್ದು ಸೇರಿಸಿದ ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿತ್ತು. ಪ್ರಿನ್ಸ್‌ಟನ್ನಿನ ಬ್ರೂಸ್ ಮೆಟ್ಸ್‌ಗರ್ ಈ ಕ್ಷೇತ್ರದ ದೊಡ್ಡ ಹೆಸರು. ಹೊಸ ಒಡಂಬಡಿಕೆಯ ಪಠ್ಯ ಚರಿತ್ರೆಯ ಬಗ್ಗೆ 1964ರಲ್ಲಿ ಬಂದ ಅವರ ಪುಸ್ತಕ ಲೋಕದ ಎಲ್ಲ ಕಡೆ ಪಠ್ಯವಾಯಿತು. ಅದರಲ್ಲೂ ಈ ಕಥೆ ಇತ್ತು. 1980ರಲ್ಲಿ ಹಾಲೆಂಡಿನ ಎಚ್. ಜೆ. ಡಿ ಯೋಂಗೆ ಎರಾಸ್ಮಸ್‌ನ ಬರಹಗಳನ್ನು ಜಾಲಾಡಿ, ಅಂಥ ವಾಗ್ದಾನ ಅಲ್ಲೆಲ್ಲೂ ಇಲ್ಲ ಎಂದು ತೋರಿಸಿಕೊಟ್ಟರು. 1992ರ ಮೂರನೆಯ ಆವೃತ್ತಿಯಲ್ಲಿ ಮೆಟ್ಸ್‌ಗರ್ ಇದನ್ನು ಉಲ್ಲೇಖಿಸಿ, ತಾವು ಹಿಂದೆ ಬರೆದದ್ದನ್ನು ತಿದ್ದಬೇಕಾಗಿದೆ ಎಂದು ಟಿಪ್ಪಣಿ ಹಾಕಿದರು. ಆಗ ಅವರಿಗೆ ಎಂಬತ್ತರ ಹತ್ತಿರ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವುದು ಯಾವ ವಯಸ್ಸಿನಲ್ಲೂ ಸುಲಭವಲ್ಲ. ಇಡೀ ಕ್ಷೇತ್ರ ತನ್ನನ್ನು ನೋಡಿ ಕಲಿಯುತ್ತಿರುವಾಗ ಇನ್ನೂ ಕಷ್ಟ. ಪಾಠ ಹೇಳುವವರಾಗಲು ಹೊರಟಿರುವ ನಿಮ್ಮೆದುರು ಆ ಟಿಪ್ಪಣಿಯನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ.

ಕೊನೆಯದಾಗಿ, ಭಾಷೆ ಓದುವವರಾದ ನಿಮಗೆ ಒಂದು ಎಚ್ಚರಿಕೆ. ಈ ಪದ ಕಲಿತ ಕೂಡಲೇ ಎದುರಿಗೆ ಸಿಕ್ಕ ಎಲ್ಲ ತಪ್ಪಿಗೂ ಅದನ್ನು ಅಂಟಿಸಬೇಡಿ. ಭಾಷೆ ಬೆಳೆಯುವುದೇ ತಪ್ಪು ಕೇಳಿಸಿಕೊಂಡು, ತಪ್ಪು ಬಿಡಿಸಿಕೊಂಡು. ಇಂಗ್ಲಿಷಿನ 'ಏಪ್ರನ್' ಹಿಂದೆ 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದದ್ದು 'ಆನ್ ಏಪ್ರನ್' ಎಂದು ಕೇಳಿಸಿ ಮೊದಲ ಅಕ್ಷರ ಉದುರಿತು. ಬಟಾಣಿಯ 'ಪೀಸ್' ಏಕವಚನವೇ ಆಗಿತ್ತು. ಕೊನೆಯ 'ಸ್' ಬಹುವಚನದ್ದೆಂದು ಭಾವಿಸಿ 'ಪೀ' ಎಂಬ ಹೊಸ ಏಕವಚನ ಹುಟ್ಟಿತು. ನಮ್ಮ ಕಡೆಯಿಂದಲೇ ಹೋದ 'ನಾರಂಗ' ಅರಬ್ಬಿ, ಪಾರಸಿಗಳನ್ನು ದಾಟಿ ಫ್ರೆಂಚಿಗೆ ಬರುವ ಹೊತ್ತಿಗೆ 'ನ' ಕಳೆದುಕೊಂಡು 'ಆರೆಂಜ್' ಆಯಿತು. ಇಲ್ಲೆಲ್ಲ ಯಾರೂ ತಿದ್ದಲು ಬಂದಿರಲಿಲ್ಲ, ಯಾರೂ ತಿದ್ದುಪಡಿಯನ್ನು ತಳ್ಳಿಹಾಕಲಿಲ್ಲ. ಒಂದಿಡೀ ಸಮುದಾಯ ಒಂದು ಪದವನ್ನು ಒಂದು ರೀತಿ ಹೇಳತೊಡಗಿದರೆ ಅದೇ ಆ ಪದ. ಹಳೆಯ ಗ್ರಂಥದಲ್ಲಿ ಹೀಗಿಲ್ಲ ಎಂದು ಹಳ್ಳಿಯವರ ಉಚ್ಚಾರಣೆಯನ್ನು ತಿದ್ದಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ರಾರ್ಥನೆಯ ಪಾಠ, ಶಾಸನದ ಪಾಠ, ಕಾವ್ಯದ ಪಾಠ, ಔಷಧಿಯ ಚೀಟಿ, ಇವುಗಳ ಮಾತು ಬೇರೆ. ಅಲ್ಲಿ ಮೂಲವೊಂದಿದೆ, ಅದನ್ನು ತೆರೆದು ನೋಡಬಹುದು. ನೋಡಿದ ಮೇಲೂ ಒಲ್ಲೆ ಎನ್ನುವವನಿಗೆ ಮಾತ್ರ ಈ ಪದ ಸಲ್ಲುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು: 'ಸರ್, ನಮ್ಮ ನೋಟೀಸ್ ಬೋರ್ಡಿನಲ್ಲಿ ಒಮ್ಮೆ ಸಿಲಬೈ ಅಂತ ಇರುತ್ತೆ, ಒಮ್ಮೆ ಸಿಲಬಸಸ್ ಅಂತ ಇರುತ್ತೆ. ಯಾವುದು ಮಂಪ್ಸಿಮಸ್?'

ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ಯಾಕೆಂದರೆ 'ಸಿಲಬಸ್' ಎಂಬ ಪದವೇ ಒಂದು ಅಚ್ಚಿನ ತಪ್ಪಿನಿಂದ ಹುಟ್ಟಿದ್ದು. ಪ್ರಾಚೀನ ರೋಮಿನ ವಾಗ್ಮಿ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಬರೆದ ಕಾಗದಗಳಲ್ಲಿ ಪುಸ್ತಕದ ಸುರುಳಿಗೆ ಅಂಟಿಸುವ ಹೆಸರಿನ ಚೀಟಿಗಳಿಗೆ 'ಸಿತ್ತಿಬಾಸ್' ಎಂಬ ಗ್ರೀಕ್ ಪದ ಬಳಸಿದ್ದ. 1470ರ ದಶಕದ ಮುದ್ರಿತ ಪ್ರತಿಗಳಲ್ಲಿ ಅದು 'ಸಿಲ್ಲಬೋಸ್' ಎಂದು ತಪ್ಪಾಗಿ ಅಚ್ಚಾಯಿತು. ಇಲ್ಲದ ಪದಕ್ಕೆ ಪಂಡಿತರು ವ್ಯುತ್ಪತ್ತಿಯನ್ನೂ ಒದಗಿಸಿದರು. ಹದಿನೇಳನೆಯ ಶತಮಾನದ ನಡುವಿಗೆ ಇಂಗ್ಲಿಷಿಗೆ ಬಂತು, ಅಲ್ಲಿಂದ ನಮ್ಮ ಶಾಲೆ, ಕಾಲೇಜು, ಟ್ಯೂಷನ್ ಮನೆಗಳಿಗೆ. ಸಿಸೆರೋನ ಪಾಠವನ್ನು ಸಂಪಾದಿಸುವವರು ಇಂದು ಅಲ್ಲಿ 'ಸಿತ್ತಿಬಾಸ್' ಎಂದೇ ಅಚ್ಚುಹಾಕುತ್ತಾರೆ, ಹಾಕಲೇಬೇಕು. ನೋಟೀಸ್ ಬೋರ್ಡಿನ 'ಸಿಲಬಸ್' ಅದರ ಪಾಡಿಗೆ ಇರಲಿ. ಅದು ಈಗ ಎಲ್ಲರ ಪದ. ಬಹುವಚನದಲ್ಲಿ 'ಸಿಲಬೈ' ಎನ್ನುವವರು ಅದು ಅಪ್ಪಟ ಲ್ಯಾಟಿನ್ ಪದವೆಂದು ಭಾವಿಸಿ ಲ್ಯಾಟಿನ್ ವ್ಯಾಕರಣ ಹಚ್ಚುತ್ತಾರೆ. ನಿಘಂಟುಗಳು ಎರಡನ್ನೂ ಒಪ್ಪಿವೆ. ನಾನು ಸಿಲಬಸಸ್ ಎಂದು ಬರೆಯುತ್ತೇನೆ, ನೀವು ಸಿಲಬೈ ಎಂದು ಬರೆದರೆ ಅಂಕ ಕಳೆಯುವುದಿಲ್ಲ.